ರಾತ್ರಿ ಉಪವಾಸ ಮಲಗಿದರೂ ಬೆಳಿಗ್ಗೆ ಸಕ್ಕರೆ ಏಕೆ ಏರುತ್ತದೆ?

ಕಾಸರಗೋಡು: ರಾತ್ರಿ ಮಲಗುವ ಮುನ್ನ ರಕ್ತದಲ್ಲಿ ಸಕ್ಕರೆ 140. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ನೋಡಿದರೆ 155. ನಡುವೆ ಬಾಯಿಗೆ ಹಾಕಿದ್ದು ಒಂದು ಲೋಟ ನೀರು ಮಾತ್ರ. ಹಾಗಾದರೆ ಹೆಚ್ಚಾದ ಸಕ್ಕರೆ ಬಂದದ್ದು ಎಲ್ಲಿಂದ? ಮನೆಯಲ್ಲೇ ಯಂತ್ರ ಇಟ್ಟುಕೊಂಡು ಬೆರಳು ಚುಚ್ಚಿ ನೋಡುವವರು ಹೆಚ್ಚಾದ ಮೇಲೆ ಹಳ್ಳಿಹಳ್ಳಿಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತಿದೆ. ಕೆಲವರು ಯಂತ್ರವೇ ಸರಿಯಿಲ್ಲ ಎನ್ನುತ್ತಾರೆ. ಇನ್ನು ಕೆಲವರು ರಾತ್ರಿಯ ಊಟವನ್ನೇ ಬಿಟ್ಟು ನೋಡುತ್ತಾರೆ. ಆದರೂ ಬೆಳಗಿನ ಅಂಕಿ ಇಳಿಯುವುದಿಲ್ಲ.

ಇಂಥವರಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಇನ್ನೊಂದು ಚೀಟಿಯೂ ಇರುತ್ತದೆ. ಯಾವುದೋ ಹೊಟ್ಟೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಬಂದದ್ದು. ಅದರಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಎಂದು ಬರೆದಿರುತ್ತದೆ. 'ಅದು ಈಗ ಎಲ್ಲರಿಗೂ ಇರುತ್ತದೆ' ಎಂದು ಯಾರೋ ಹೇಳಿದ ಮಾತು ಕೇಳಿ ಆ ಚೀಟಿ ಮೂಲೆ ಸೇರುತ್ತದೆ. ಸಕ್ಕರೆಯ ಚೀಟಿ ಒಂದು ಕಡೆ, ಸ್ಕ್ಯಾನಿನ ಚೀಟಿ ಇನ್ನೊಂದು ಕಡೆ. ನಿಜವಾಗಿ ನೋಡಿದರೆ ಈ ಎರಡೂ ಚೀಟಿಗಳು ಹೆಚ್ಚಿನ ಸಲ ಒಂದೇ ತೊಂದರೆಯ ಎರಡು ಮುಖಗಳನ್ನು ಹೇಳುತ್ತಿರುತ್ತವೆ. ಆ ತೊಂದರೆಯ ಹೆಸರು, ಲಿವರ್‌ನಲ್ಲಿ ಉಂಟಾಗುವ ಇನ್ಸುಲಿನ್ ಪ್ರತಿರೋಧ.

ಕರಳ್ ಬೇರೆ, ಕರುಳು ಬೇರೆ

ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಮಲಯಾಳದಲ್ಲಿ 'ಕರಳ್' ಎಂದರೆ ಲಿವರ್. ಕನ್ನಡದಲ್ಲಿ 'ಕರುಳು' ಎಂದರೆ ಆಹಾರ ಸಾಗುವ ಉದ್ದನೆಯ ನಾಳ. ಅದಕ್ಕೆ ಮಲಯಾಳದಲ್ಲಿ 'ಕುಡಲ್' ಎನ್ನುತ್ತಾರೆ. 'ಕರಳಿಲ್ ಕೊಳುಪ್ಪ್' ಎಂದು ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು 'ಕರುಳಿನಲ್ಲಿ ಕೊಬ್ಬಂತೆ' ಎಂದು ಹೇಳಿದರೆ ರೋಗವೇ ಬದಲಾಗಿಬಿಡುತ್ತದೆ. ಕನ್ನಡ ಪುಸ್ತಕಗಳಲ್ಲಿ ಲಿವರ್‌ಗೆ ಯಕೃತ್ತು, ಪಿತ್ತಜನಕಾಂಗ ಎಂಬ ಹೆಸರುಗಳಿವೆ. ಪಿತ್ತಕೋಶ ಅದರ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ, ಅದು ಬೇರೆ. ತಾಳವಾಡಿ, ಹೊಸೂರಿನವರು ಕಲ್ಲೀರಲ್ ಎಂಬ ತಮಿಳು ಮಾತನ್ನು ಕೇಳಿರುತ್ತಾರೆ. ಈ ಲೇಖನದಲ್ಲಿ ಎಲ್ಲ ಕಡೆಯವರಿಗೂ ಗೊತ್ತಿರುವ ಲಿವರ್ ಎಂಬ ಪದವನ್ನೇ ಬಳಸಲಾಗಿದೆ.

ಲಿವರ್ ಇರುವುದು ಹೊಟ್ಟೆಯ ಬಲಭಾಗದ ಮೇಲ್ಗಡೆ, ಪಕ್ಕೆಲುಬುಗಳ ಮರೆಯಲ್ಲಿ. ದೊಡ್ಡವರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ಕರುಳು ಹೀರಿಕೊಂಡ ಸಕ್ಕರೆಯ ಅಂಶವೆಲ್ಲ ರಕ್ತದ ಮೂಲಕ ಮೊದಲು ಬರುವುದು ಇಲ್ಲಿಗೇ. ಇಲ್ಲಿ ಲೆಕ್ಕವಾದ ನಂತರವೇ ಅದು ಮೈಯ ಉಳಿದ ಭಾಗಗಳಿಗೆ ಹೋಗುತ್ತದೆ.

ಮೈಯೊಳಗಿನ ಪತ್ತಾಯ

ಹಳೆಯ ಮನೆಗಳಲ್ಲಿ ಅಕ್ಕಿ, ಭತ್ತ ತುಂಬಿಡುವ ಮರದ ಪತ್ತಾಯ ಇರುತ್ತಿತ್ತು. ಕೊಯ್ಲಿನ ಹೊತ್ತಿಗೆ ತುಂಬಿಸುವುದು, ಮಳೆಗಾಲದಲ್ಲಿ ಅಳೆದು ತೆಗೆಯುವುದು. ಲಿವರ್ ಮಾಡುವುದೂ ಇದನ್ನೇ. ಊಟವಾದ ಮೇಲೆ ಹೆಚ್ಚಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ತುಂಬಿಡುತ್ತದೆ. ಹೀಗೆ ತುಂಬಿಡಲು ಆಗುವುದು ಸುಮಾರು 100 ಗ್ರಾಂ. ಊಟವಿಲ್ಲದ ಹೊತ್ತಿನಲ್ಲಿ ಅದನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ.

ನಮ್ಮ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು ಒಂದು ಟೀ ಚಮಚದಷ್ಟು, ಅಂದರೆ ನಾಲ್ಕೈದು ಗ್ರಾಂ ಮಾತ್ರ. ಆದರೆ ಮಿದುಳು ಒಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ನಾವು ಮಲಗಿದರೂ ಮಿದುಳು ಮಲಗುವುದಿಲ್ಲ. ಆದ್ದರಿಂದ ಲಿವರ್ ರಾತ್ರಿಯಿಡೀ ಗಂಟೆಗೆ ಸುಮಾರು 7 ಗ್ರಾಂ ಲೆಕ್ಕದಲ್ಲಿ ಸಕ್ಕರೆ ಬಿಡುತ್ತಲೇ ಇರಬೇಕು. ಎಂಟು ಗಂಟೆಗೆ 50 ಗ್ರಾಮಿಗೂ ಹೆಚ್ಚಾಯಿತು. ಪತ್ತಾಯ ಬರಿದಾಗುತ್ತಾ ಬಂದಂತೆ ಲಿವರ್ ಸ್ವತಃ ಹೊಸ ಸಕ್ಕರೆ ತಯಾರಿಸುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಸ್ನಾಯುಗಳಿಂದ, ಕರಗಿದ ಕೊಬ್ಬಿನಿಂದ ಬರುತ್ತದೆ.

ಲಿವರ್ ತಾನೇ ಸಕ್ಕರೆ ಮಾಡುತ್ತದೆ ಎಂಬುದು ಹೊಸ ವಿಷಯವೇನಲ್ಲ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ 1848ರಲ್ಲಿ ಬರೀ ಮಾಂಸ ತಿನ್ನಿಸಿದ ನಾಯಿಯ ಲಿವರ್‌ನಿಂದ ಹೊರಬರುವ ರಕ್ತದಲ್ಲೂ ಸಕ್ಕರೆ ಇರುವುದನ್ನು ಕಂಡರು. 1855ರಲ್ಲಿ ಲಿವರ್ ಒಂದನ್ನು ಹೊರತೆಗೆದು, ಅದರ ರಕ್ತನಾಳಗಳ ಮೂಲಕ ನೀರು ಹಾಯಿಸಿ ಸಕ್ಕರೆಯ ಅಂಶ ಸ್ವಲ್ಪವೂ ಉಳಿಯದಂತೆ ತೊಳೆದಿಟ್ಟರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ ಇತ್ತು! ಎರಡು ವರ್ಷಗಳ ನಂತರ ಅವರೇ ಗ್ಲೈಕೋಜನನ್ನು ಬೇರ್ಪಡಿಸಿದರು. ಸಕ್ಕರೆ ಬರುವುದು ತಿಂದದ್ದರಿಂದ ಮಾತ್ರ ಎಂಬ ತಿಳಿವಳಿಕೆ ಅಲ್ಲಿಗೆ ಸುಳ್ಳಾಯಿತು. ಆದರೆ ಜನರ ಬಾಯಲ್ಲಿ ಅದು ಈಗಲೂ ಉಳಿದಿದೆ.

ಇನ್ಸುಲಿನ್ ಕೊಡುವ ಎರಡು ಅಪ್ಪಣೆ

ಪತ್ತಾಯದ ಕೀಲಿಕೈ ಯಜಮಾನರ ಕೈಯಲ್ಲಿ ಇರುತ್ತಿದ್ದಂತೆ ಲಿವರ್‌ನ ಯಜಮಾನಿಕೆ ಇನ್ಸುಲಿನ್ನಿನದು. ಇದನ್ನು ತಯಾರಿಸುವುದು ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ. ಊಟವಾದೊಡನೆ ಇನ್ಸುಲಿನ್ ನೇರವಾಗಿ ಲಿವರ್‌ಗೆ ಬಂದು ಎರಡು ಅಪ್ಪಣೆ ಕೊಡುತ್ತದೆ.

ಒಂದು: 'ಹೊರಗಿನಿಂದ ಸಕ್ಕರೆ ಬಂದಿದೆ, ನಿನ್ನ ತಯಾರಿ ನಿಲ್ಲಿಸು.'

ಎರಡು: 'ಪತ್ತಾಯ ತುಂಬಿ ಮಿಕ್ಕಿದ್ದನ್ನು ಕೊಬ್ಬು ಮಾಡಿ ಕೂಡಿಡು.'

ಆರೋಗ್ಯವಂತರ ಲಿವರ್ ಎರಡೂ ಅಪ್ಪಣೆಗಳನ್ನು ಪಾಲಿಸುತ್ತದೆ. ಊಟವಾಗಿ ಕೆಲವು ಗಂಟೆಗಳಾದ ಮೇಲೆ ಇನ್ಸುಲಿನ್ ಕಡಿಮೆಯಾಗುತ್ತದೆ, ಲಿವರ್ ಮತ್ತೆ ಸಕ್ಕರೆ ಬಿಡಲು ಆರಂಭಿಸುತ್ತದೆ. ಬೆಳಗಿನ ಜಾವ ಮೈಯನ್ನು ಎಚ್ಚರಗೊಳಿಸುವ ಕೆಲವು ಹಾರ್ಮೋನುಗಳು ಸ್ವಲ್ಪ ಹೆಚ್ಚು ಸಕ್ಕರೆ ಬಿಡುವಂತೆ ಒತ್ತಾಯಿಸುತ್ತವೆ. ಆಗಲೂ ಇನ್ಸುಲಿನ್ ಹದ ತಪ್ಪದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಬೆಳಗಿನ ಅಂಕಿ 100ರ ಒಳಗೇ ನಿಲ್ಲುತ್ತದೆ.

ಒಂದು ಮಾತು ಕೇಳದು, ಇನ್ನೊಂದು ಕೇಳುತ್ತದೆ

ಇನ್ಸುಲಿನ್ ಪ್ರತಿರೋಧ ಎಂದರೆ ಲಿವರ್ ಯಜಮಾನನ ಮಾತಿಗೆ ಕಿವುಡಾಗುವುದು. ಆದರೆ ಈ ಕಿವುಡು ಒಂದು ವಿಚಿತ್ರ ಬಗೆಯದು. 'ಸಕ್ಕರೆ ತಯಾರಿ ನಿಲ್ಲಿಸು' ಎಂಬ ಮೊದಲ ಅಪ್ಪಣೆ ಅದಕ್ಕೆ ಕೇಳಿಸುವುದಿಲ್ಲ. 'ಕೊಬ್ಬು ಮಾಡು' ಎಂಬ ಎರಡನೆಯದು ಮಾತ್ರ ಚೆನ್ನಾಗಿಯೇ ಕೇಳಿಸುತ್ತದೆ.

ಮಾತು ಕೇಳದಿದ್ದರೆ ಯಜಮಾನ ಮಾಡುವುದೇನು? ದನಿ ಏರಿಸುತ್ತಾನೆ. ಮೇದೋಜೀರಕ ಗ್ರಂಥಿಯೂ ಹಾಗೆಯೇ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಕಷ್ಟ ಆರಂಭವಾಗುವುದು ಇಲ್ಲಿಂದಲೇ. ಹೆಚ್ಚಿದ ಇನ್ಸುಲಿನ್ನಿಂದ ಸಕ್ಕರೆ ತಯಾರಿ ಸಾಕಷ್ಟು ನಿಲ್ಲುವುದಿಲ್ಲ, ಕೊಬ್ಬಿನ ತಯಾರಿ ಮಾತ್ರ ಇಮ್ಮಡಿಯಾಗುತ್ತದೆ. ರಕ್ತದಲ್ಲಿ ಸಕ್ಕರೆಯೂ ಏರಿತು, ಲಿವರ್‌ನಲ್ಲಿ ಕೊಬ್ಬೂ ತುಂಬಿತು. ಹೆಚ್ಚಾದ ಕೊಬ್ಬನ್ನು ಲಿವರ್ ರಕ್ತಕ್ಕೂ ಬಿಡುತ್ತದೆ. ಲ್ಯಾಬಿನ ಚೀಟಿಯಲ್ಲಿ ಟ್ರೈಗ್ಲಿಸರೈಡ್ ಎಂಬ ಅಂಕಿ 150 ದಾಟುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಈ ವಿಚಿತ್ರವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವರು ಅಮೆರಿಕದ ಡಲ್ಲಾಸ್ ನಗರದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಕೊಲೆಸ್ಟರಾಲ್ ಕುರಿತ ಸಂಶೋಧನೆಗೆ 1985ರಲ್ಲಿ ನೊಬೆಲ್ ಪಡೆದ ಜೋಡಿ ಇದು. 2008ರಲ್ಲಿ ಅವರು ಮುಂದಿಟ್ಟ ಪ್ರಶ್ನೆ ಸರಳವಾದದ್ದು. ಲಿವರ್ ಇನ್ಸುಲಿನ್ನಿನ ಯಾವ ಮಾತನ್ನೂ ಕೇಳದಿದ್ದರೆ ಕೊಬ್ಬು ಕಡಿಮೆಯಾಗಬೇಕಿತ್ತಲ್ಲವೇ? ಬಾಸ್ಟನ್ನಿನ ವಿಜ್ಞಾನಿಗಳು 2000ದಲ್ಲಿ ಲಿವರ್‌ಗೆ ಇನ್ಸುಲಿನ್ ತಟ್ಟದಂತೆ ಮಾಡಿದ ಇಲಿಗಳಲ್ಲಿ ಸಕ್ಕರೆ ಏರಿತ್ತು, ಆದರೆ ರಕ್ತದ ಟ್ರೈಗ್ಲಿಸರೈಡ್ ಏರಿರಲಿಲ್ಲ. ಹುಟ್ಟಿನಿಂದಲೇ ಇನ್ಸುಲಿನ್ ಗ್ರಾಹಕದಲ್ಲಿ ದೋಷವಿರುವ ಅಪರೂಪದ ರೋಗಿಗಳಲ್ಲೂ ಲಿವರ್‌ನಲ್ಲಿ ಕೊಬ್ಬು ತುಂಬುವುದಿಲ್ಲ ಎಂದು 2009ರ ಅಧ್ಯಯನವೊಂದು ತೋರಿಸಿತು. ಸಾಮಾನ್ಯ ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಎರಡೂ ಒಟ್ಟಿಗೆ ಏರುತ್ತವೆ. ಒಂದೇ ಲಿವರ್ ಒಂದು ಅಪ್ಪಣೆಗೆ ಕಿವುಡಾಗಿ ಇನ್ನೊಂದಕ್ಕೆ ಕಿವಿಗೊಡುವುದು ಹೇಗೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ.

ಕೊಬ್ಬು ಬರುವ ದಾರಿ ಮೂರು

ಲಿವರ್‌ನ ತೂಕದಲ್ಲಿ ಕೊಬ್ಬು ನೂರಕ್ಕೆ 5 ಭಾಗ ದಾಟಿದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. 'ಎಣ್ಣೆ ತಿಂಡಿ ತಿನ್ನುವುದಿಲ್ಲ, ಮತ್ತೆ ಕೊಬ್ಬು ಎಲ್ಲಿಂದ?' ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಫ್ಯಾಟಿ ಲಿವರ್ ಇರುವ ಒಂಬತ್ತು ಜನರ ಲಿವರ್‌ನ ಕೊಬ್ಬಿನ ಜಾಡು ಹಿಡಿದು 2005ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನೂರರಲ್ಲಿ 59 ಭಾಗ ಮೈಯ ಕೊಬ್ಬು ಕರಗಿ ರಕ್ತದ ಮೂಲಕ ಬಂದದ್ದು, 26 ಭಾಗ ಲಿವರ್ ತಾನೇ ಸಕ್ಕರೆ ಮುಂತಾದವುಗಳಿಂದ ಮಾಡಿಕೊಂಡದ್ದು, ಊಟದ ಎಣ್ಣೆ-ತುಪ್ಪದಿಂದ ನೇರವಾಗಿ ಬಂದದ್ದು 15 ಭಾಗ ಮಾತ್ರ.

ಇದರಲ್ಲಿ ದೊಡ್ಡ ಪಾಲು ಮೈಯ ಕೊಬ್ಬಿನದು. ಕೊಬ್ಬು ಇರಬೇಕಾದ ಜಾಗ ಚರ್ಮದ ಕೆಳಗೆ. ಅಲ್ಲಿ ಜಾಗ ಸಾಲದಾದಾಗ ಅದು ಹೊಟ್ಟೆಯ ಒಳಗೆ, ಕರುಳಿನ ಸುತ್ತ ಕೂರುತ್ತದೆ. ಕೊಬ್ಬು ಕರಗದಂತೆ ತಡೆಯುವುದೂ ಇನ್ಸುಲಿನ್ನಿನ ಕೆಲಸ. ಆ ಮಾತನ್ನೂ ಮೈ ಕೇಳದೆ ಹೋದಾಗ ಕೊಬ್ಬು ಹಗಲು ರಾತ್ರಿ ಕರಗಿ ಲಿವರ್ ಕಡೆಗೆ ಹರಿಯುತ್ತದೆ. ಬಂದ ಕೊಬ್ಬು ಲಿವರ್‌ನ ಕಿವುಡನ್ನು ಹೆಚ್ಚಿಸುತ್ತದೆ, ಸಕ್ಕರೆ ತಯಾರಿಗೂ ಕುಮ್ಮಕ್ಕು ಕೊಡುತ್ತದೆ. ಇದು ತಾನಾಗಿ ನಿಲ್ಲದ ಗಾಣದ ಸುತ್ತು.

ಎರಡನೆಯ ದಾರಿಯಲ್ಲಿ ಸಿಹಿ ಪಾನೀಯಗಳ ಪಾತ್ರ ದೊಡ್ಡದು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಹೆಚ್ಚಿನ ಪಾಲು ನೇರವಾಗಿ ಲಿವರ್‌ಗೇ ಹೋಗುತ್ತದೆ. ಹಣ್ಣನ್ನು ಅಗಿದು ತಿಂದರೆ ನಾರಿನ ಜೊತೆ ನಿಧಾನವಾಗಿ ಒಳಸೇರುತ್ತದೆ. ಒಂದೇ ಉಸಿರಿಗೆ ಕುಡಿದು ಮುಗಿಸುವ ಶರಬತ್ತು, ಬಾಟಲಿ ಪಾನೀಯ, ಸಕ್ಕರೆ ಹಾಕಿದ ಜ್ಯೂಸ್ ಹಾಗಲ್ಲ.

ಸಪೂರ ಇದ್ದವರಿಗೂ ತಪ್ಪಿದ್ದಲ್ಲ

'ಅವರು ದಪ್ಪ ಇಲ್ಲವಲ್ಲ' ಎಂಬ ಸಮಾಧಾನ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಚಿತ್ರವನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಇಂಗ್ಲಿಷ್ ವೈದ್ಯರದು ನೂರಕ್ಕೆ 9.1, ಯಾಜ್ಞಿಕರದು 21.2. ನೋಡಲು ಸಪೂರ, ಒಳಗೆ ಕೊಬ್ಬು. ಭಾರತೀಯರ ಮೈಕಟ್ಟಿನಲ್ಲಿ ಇದು ಬಹಳ ಸಾಮಾನ್ಯ.

ದೇಶದಾದ್ಯಂತ 1 ಲಕ್ಷ 13 ಸಾವಿರ ಜನರನ್ನು ಪರೀಕ್ಷಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲದಲ್ಲಿ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಂತೆ ಸಕ್ಕರೆ ಕಾಯಿಲೆ ಇರುವವರು ದೇಶದಲ್ಲಿ ನೂರಕ್ಕೆ 11.4, ಕೇರಳದಲ್ಲಿ 25.5, ಗೋವಾದಲ್ಲಿ 26.4. ಕನ್ನಡಿಗರು ತಲೆತಲಾಂತರದಿಂದ ನೆಲೆಸಿರುವ ಈ ಎರಡು ರಾಜ್ಯಗಳಲ್ಲಿ ದೊಡ್ಡವರ ಪೈಕಿ ನಾಲ್ಕರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂದಾಯಿತು.

ಹಿಂದಕ್ಕೆ ತಿರುಗಿಸಲು ಸಾಧ್ಯ

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಕಿಲ್ಲ. ಮೈಯ ಕೊಬ್ಬು ಇಳಿಸುವಾಗ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಜಾಗಗಳಲ್ಲಿ ಲಿವರ್ ಒಂದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2005ರಲ್ಲಿ ಎಂಟು ಜನ ಸಕ್ಕರೆ ಕಾಯಿಲೆಯವರ ತೂಕವನ್ನು ಸುಮಾರು 8 ಕಿಲೋ ಇಳಿಸಿದಾಗ ಲಿವರ್‌ನ ಕೊಬ್ಬು ನೂರಕ್ಕೆ 12ರಿಂದ 2ರ ಹತ್ತಿರ ಬಂತು, ಬೆಳಗಿನ ಸಕ್ಕರೆ ಸರಿಹೋಯಿತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ 2011ರಲ್ಲಿ 11 ಜನರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯ ಕಟ್ಟುನಿಟ್ಟಿನ ಆಹಾರ ಕೊಟ್ಟಿತು. ಒಂದೇ ವಾರದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು 166ರಿಂದ 106ಕ್ಕೆ ಇಳಿಯಿತು.

2017ರಲ್ಲಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ತೂಕ ಇಳಿಸುವ ಗುಂಪಿನವರಲ್ಲಿ ನೂರಕ್ಕೆ 46 ಜನ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹದದಲ್ಲಿ ಇಟ್ಟುಕೊಂಡಿದ್ದರು. ಅವರೆಲ್ಲ ಕಾಯಿಲೆ ಬಂದು ಆರು ವರ್ಷ ಮೀರದವರು, ವೈದ್ಯರ ನಿಗಾದಲ್ಲಿ ಇದ್ದವರು ಎಂಬುದನ್ನು ಮರೆಯಬಾರದು. ಇಂಥ ಕಠಿಣ ಪಥ್ಯವನ್ನು ಮನೆಯಲ್ಲಿ ತಾವಾಗಿ ಮಾಡುವುದು ಅಪಾಯ.

ಸಾಮಾನ್ಯರಿಗೆ ಲೆಕ್ಕ ಸುಲಭ. 70 ಕಿಲೋ ತೂಗುವವರು ಮೂರೂವರೆ ಕಿಲೋ ಇಳಿಸಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. ಐದರಿಂದ ಏಳು ಕಿಲೋ ಇಳಿಸಿದರೆ ಲಿವರ್‌ನ ಉರಿಯೂತವೂ ತಗ್ಗುತ್ತದೆ. ಸಪೂರ ಇರುವವರಿಗೆ ಇದಕ್ಕಿಂತ ಕಡಿಮೆ ಇಳಿದರೂ ಪ್ರಯೋಜನ ಸಿಗುವುದುಂಟು.

ಚೀಟಿಯಲ್ಲಿ ನೋಡಬೇಕಾದದ್ದು

ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಗಂಟೆ. 126 ಮತ್ತು ಅದಕ್ಕೂ ಹೆಚ್ಚು ಬಂದರೆ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7 ದಾಟಿದರೆ ಎಚ್ಚರಿಕೆ, 6.5 ಆದರೆ ಕಾಯಿಲೆ.

ಸ್ಕ್ಯಾನಿನಲ್ಲಿ ಕೊಬ್ಬು ಕಾಣದಿದ್ದರೆ ಇಲ್ಲವೇ ಇಲ್ಲ ಎಂದಲ್ಲ. ತುಸುವೇ ಇದ್ದಾಗ ಸಾಮಾನ್ಯ ಸ್ಕ್ಯಾನಿಗೆ ಅದು ಸಿಕ್ಕುವುದಿಲ್ಲ. ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂಬುದನ್ನು ಮಾತ್ರ. ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ, ಏಕೆಂದರೆ ಸಿರೋಸಿಸ್ ಕಡೆಗೆ ಒಯ್ಯುವುದು ಅದು. ಇದನ್ನು ಅಂದಾಜು ಮಾಡಲು 'ಫಿಬ್-4' ಎಂಬ ಲೆಕ್ಕವಿದೆ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಈ ನಾಲ್ಕು ಅಂಕಿಗಳಿಂದ ಡಾಕ್ಟರು ಅರ್ಧ ನಿಮಿಷದಲ್ಲಿ ಮಾಡುತ್ತಾರೆ. 1.3ಕ್ಕಿಂತ ಕಡಿಮೆ ಬಂದರೆ ಸದ್ಯಕ್ಕೆ ನಿಶ್ಚಿಂತೆ. ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. 35ರಿಂದ 65ರ ವಯಸ್ಸಿನವರಿಗೆ ಈ ಲೆಕ್ಕ ಹೆಚ್ಚು ಹೊಂದುತ್ತದೆ.

ಯಾವ ಯಂತ್ರವೂ ಇಲ್ಲದವರು ಒಂದು ದಾರ ತೆಗೆದುಕೊಳ್ಳಲಿ. ತಮ್ಮ ಎತ್ತರದಷ್ಟು ಅಳೆದು, ಅದನ್ನು ಎರಡಾಗಿ ಮಡಚಿ ಹೊಟ್ಟೆಯ ಸುತ್ತ ಹಿಡಿಯಲಿ. ತುದಿಗಳು ಕೂಡದಿದ್ದರೆ ಒಳಗೆ ಕೊಬ್ಬು ಹೆಚ್ಚಿರುವ ಸಂಭವ ಇದೆ ಎಂದರ್ಥ. ಅಳತೆಯ ಪಟ್ಟಿ ಇದ್ದರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು.

ಅನ್ನ ಬಿಡುವುದಲ್ಲ, ಅಳೆದು ಉಣ್ಣುವುದು

ಕುಚ್ಚಲಕ್ಕಿ ಒಳ್ಳೆಯದೆಂದು ಎಷ್ಟು ಉಂಡರೂ ಆಗುತ್ತದೆ ಎಂಬುದು ತಪ್ಪು. ಕುಚ್ಚಲಕ್ಕಿಯೂ ಅಕ್ಕಿಯೇ. ಬಟ್ಟಲಿನ ಅರ್ಧ ಭಾಗ ತರಕಾರಿ, ಕಾಲು ಭಾಗ ಬೇಳೆ, ಹೆಸರು, ಕಡಲೆ, ಮೀನು ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಅನ್ನ. ಇಷ್ಟು ನೆನಪಿದ್ದರೆ ಸಾಕು. ದಿನಕ್ಕೆ ನಾಲ್ಕು ಚಹಾ ಕುಡಿಯುವವರು ಒಂದೊಂದರಲ್ಲಿ ಎರಡು ಚಮಚ ಸಕ್ಕರೆ ಹಾಕಿದರೆ ಎಂಟು ಚಮಚವಾಯಿತು. ಅದನ್ನು ಬಿಡುವುದೇ ಮೊದಲ ಮದ್ದು. ಬೆಲ್ಲ, ಜೇನು ಎಂದು ಬದಲಾಯಿಸಿದರೂ ಲಿವರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ಕುಡಿತ ಇದ್ದರೆ ಅದನ್ನೂ ಬಿಡಬೇಕು.

ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ತೂಕ ಇಳಿಯದಿದ್ದರೂ ಲಿವರ್‌ನ ಕೊಬ್ಬು ತಗ್ಗುತ್ತದೆ. ದುಡಿಯುವ ಸ್ನಾಯು ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಇನ್ನು ಮಾತ್ರೆಯ ವಿಷಯ. ಸಕ್ಕರೆ ಕಾಯಿಲೆಗೆ ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಕೆಲಸ ಮಾಡುವುದು ಲಿವರ್‌ನಲ್ಲೇ. ಅಲ್ಲಿನ ಸಕ್ಕರೆ ತಯಾರಿಯನ್ನು ತಗ್ಗಿಸುತ್ತದೆ. 'ಇವತ್ತು ಸಿಹಿ ತಿಂದಿಲ್ಲ, ಮಾತ್ರೆ ಬೇಡ' ಎನ್ನುವವರು ಇದನ್ನು ಗಮನಿಸಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಬೆಳಗಿನ ಅಂಕಿ ಇಳಿಸಲೆಂದು ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಊಟದ ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಫ್ಯಾಟಿ ಲಿವರ್ ಮುಂದುವರಿದವರಿಗೆ 2024ರಲ್ಲಿ ರೆಸ್ಮೆಟಿರಮ್, 2025ರಲ್ಲಿ ಸೆಮಾಗ್ಲುಟೈಡ್ ಎಂಬ ಮದ್ದುಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅವು ತಜ್ಞರು ನೋಡಿ ಕೊಡುವಂಥವು, ಪೇಟೆಯಲ್ಲಿ ಕೇಳಿ ತರುವಂಥವಲ್ಲ.

ಕೇಂದ್ರ ಸರಕಾರ 2021ರ ಫೆಬ್ರವರಿಯಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವ ರಾಷ್ಟ್ರೀಯ ಕಾರ್ಯಕ್ರಮಕ್ಕೇ ಸೇರಿಸಿತು. ಎರಡನ್ನೂ ಒಟ್ಟಿಗೆ ನೋಡಬೇಕು ಎಂಬುದೇ ಇದರ ಅರ್ಥ. ಹಾಗಾಗಿ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಸಕ್ಕರೆಯ ಚೀಟಿ, ಸ್ಕ್ಯಾನಿನ ಚೀಟಿ ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಮಂಗಳೂರಿಗೆ ಹೋದರೆ ಕನ್ನಡದಲ್ಲೇ ಕೇಳಬಹುದು. ಊರಿನ ಕುಟುಂಬಾರೋಗ್ಯ ಕೇಂದ್ರದಲ್ಲಾದರೆ 'ಕರಳಿಲ್ ಕೊಳುಪ್ಪುಂಡೋ?' ಎಂದು ಕೇಳಿ. 'ಉಂಡ್' ಎಂದರೆ ಅಲ್ಲಿಗೇ ಬಿಡದೆ, ಲಿವರ್ ಗಟ್ಟಿಯಾಗಿದೆಯೇ, ಎಷ್ಟು ಕಿಲೋ ಇಳಿಸಬೇಕು, ಮತ್ತೆ ಯಾವಾಗ ಪರೀಕ್ಷೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಪಡೆದುಕೊಂಡೇ ಮನೆಗೆ ಬನ್ನಿ.